ನಾಣ್ಯ ಏರಿದ ನಮ್ಮನೆ ಕೋಳಿ

ಪರರ ಏಳಿಗೆಯನ್ನು ಸಹಿಸುವ ಶಕ್ತಿಯನ್ನು ದೇವರು ಎಲ್ಲರಿಗೂ ಅಷ್ಟಿಷ್ಟು ಕೊಟ್ಟೇ ಕಳಿಸಿರುತ್ತಾನೆ. ಪಕ್ಕದ ಮನೆಯವನು ಮೇಲೊಂದು ಮಹಡಿ ಎಬ್ಬಿಸಿದರೆ ಸಹಿಸಬಹುದು. ಜೊತೆಯಲ್ಲಿ ಓದಿದವನು ಸಾಹೇಬನಾಗಿ ಕಾರಿನಲ್ಲಿ ಹೋದರೆ, ಧೂಳು ಒರೆಸಿಕೊಂಡು ಅದನ್ನೂ ಸಹಿಸಬಹುದು. ಆದರೆ ಹೆಂಡತಿಯ ತಂಗಿಯ ಗಂಡ ಮುಂದೆ ಬಂದರೆ ಸಹಿಸುವ ಶಕ್ತಿಯೊಂದನ್ನು ಆ ದಯಾಮಯ ಯಾಕೋ ಯಾರಿಗೂ ಕೊಡದೆ ತನ್ನ ಬಳಿಯೇ ಇಟ್ಟುಕೊಂಡಿದ್ದಾನೆ. ಬನ್ನಣ್ಣನ ಕಥೆ ಕೇಳಿದ ಮೇಲೆ ನೀವೂ ಈ ಮಾತನ್ನು ಒಪ್ಪುತ್ತೀರಿ.

ಬನ್ನಣ್ಣನಿಗೆ ಹುಟ್ಟಿದಾಗ ಇನ್ನೇನೋ ಗಂಭೀರವಾದ ಹೆಸರಿಟ್ಟಿದ್ದರು. ಆದರೆ ಆ ಗುಂಡು ಮುಖ, ಆ ಮೆತ್ತನೆಯ ಕೆನ್ನೆ, ಸ್ವಲ್ಪ ಬಿಸಿ ತಾಗಿದರೂ ಉಬ್ಬಿಬಿಡುವ ಆ ಸ್ವಭಾವ ಇವನ್ನೆಲ್ಲ ಕಂಡ ಬೀದಿಯವರು, ಅವನು ಸುಡುವ ಬನ್ನಿನ ಹೆಸರನ್ನೇ ಅವನಿಗೂ ಅಂಟಿಸಿದ್ದರು. ಬೀದಿಯ ತಿರುವಿನಲ್ಲಿ ಅವನ ಬೇಕರಿ. ಮುಂದೆ ಅಂಗಡಿ, ಅಂಗಡಿಯ ಹಿಂದೆ ಒಲೆ, ಒಲೆಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಒಂದೇ ಒಂದು ಕೋಳಿ. ಮೊಟ್ಟೆ ಇಡುವುದರಲ್ಲಿ ಮಹಾ ಜಿಪುಣಿ, ನಡಿಗೆಯಲ್ಲಿ ಮಾತ್ರ ಬಲು ಠೀವಿ. ಹಾಗಾಗಿ ಅದನ್ನು ಮನೆಮಂದಿಯೆಲ್ಲ ಮಹಾರಾಣಿ ಎಂದು ಕರೆಯುತ್ತಿದ್ದರು.

ಬನ್ನಣ್ಣನ ಷಡ್ಡಕ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಬಡಕಲು ಮೈ, ಸಣ್ಣ ದನಿ, ಯಾರಾದರೂ ಸೀನಿದರೆ ತಾನೇ ಕ್ಷಮಿಸಿ ಎನ್ನುವ ಜಾತಿ. ಭಾನುವಾರಗಳಲ್ಲಿ ಹೆಂಡತಿಯನ್ನು ಅಕ್ಕನ ಮನೆಗೆ ಕರೆತಂದು, ಅವರಿಬ್ಬರೂ ಮಾತಿಗೆ ಕೂತರೆ ತಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಒಂದು ಕೈಯಲ್ಲಿ ಬನ್ನು ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಏನೋ ಗೀಚುತ್ತಿದ್ದರು. ಏನು ಗೀಚುತ್ತಾರೆ ಎಂದು ಬನ್ನಣ್ಣ ಒಂದು ದಿನವೂ ಕೇಳಲಿಲ್ಲ. ಎಷ್ಟು ಬನ್ನು ತಿನ್ನುತ್ತಾರೆ ಎಂಬುದರ ಮೇಲೆ ಮಾತ್ರ ಅವನಿಗೆ ಕಣ್ಣಿತ್ತು.

ಹೀಗಿರಲಾಗಿ ಸರ್ಕಾರದವರು ಹತ್ತರ ಹೊಸ ನಾಣ್ಯಕ್ಕೆ ಚಿತ್ರ ಬೇಕೆಂದು ಪ್ರಕಟಣೆ ಹೊರಡಿಸಿದರು. ಮೇಷ್ಟ್ರು ಒಂದು ಚಿತ್ರ ಕಳಿಸಿದರು. ನಾಣ್ಯ ಅಚ್ಚು ಹಾಕುವ ಟಂಕಸಾಲೆಯವರು ರಾಶಿ ರಾಶಿ ಚಿತ್ರಗಳ ನಡುವಿಂದ ಅದನ್ನೇ ಎತ್ತಿಕೊಂಡರು. ಒಂದು ಶುಭ ಮುಂಜಾನೆ ಎದುರು ಅಂಗಡಿಯ ಟೈಲರ್ ಬಂದು ಗಾಜಿನ ಕಪಾಟಿನ ಮೇಲೆ ಟಣ್ಣನೆ ಒಂದು ನಾಣ್ಯ ಇಟ್ಟ.

"ಒಂದು ಬ್ರೆಡ್ಡು ಕೊಡು ಬನ್ನಣ್ಣಾ. ತಗೋ, ನಿನ್ನ ಷಡ್ಡಕನ ಕೋಳಿ."

ಬನ್ನಣ್ಣ ನಾಣ್ಯವನ್ನು ಎತ್ತಿ ಬೆಳಕಿಗೆ ಹಿಡಿದ. ಹಿತ್ತಿಲ ಮೆಟ್ಟಿಲು, ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿ, ಕತ್ತು ಕೊಂಕಿಸಿ, ಇಡೀ ರಾಜ್ಯ ತನ್ನದೇ ಎಂಬಂತೆ ನಿಂತ ಮಹಾರಾಣಿ! ಪಕ್ಕದಲ್ಲಿ ಹತ್ತು ಎಂಬ ಅಂಕಿ, ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮೇಷ್ಟ್ರ ಹೆಸರು.

"ಇದು ನಮ್ಮ ಕೋಳಿ ಕಣೋ!"

"ನಿನ್ನ ಷಡ್ಡಕ ಅಂದ್ರೆ ನೀನೇ ಅಲ್ವಾ," ಎಂದ ಟೈಲರ್. "ನಿನಗೂ ಸ್ವಲ್ಪ ಹೆಮ್ಮೆ ಬಿಡು. ಬ್ರೆಡ್ಡು ಕೊಡು."

ಅಂದಿನಿಂದ ಶುರುವಾಯಿತು ನೋಡಿ. ಬೇರೆ ಯಾರ ಷಡ್ಡಕನಿಗಾದರೂ ಬಹುಮಾನ ಬಂದರೆ ಒಂದು ದಿನ ಪೇಪರಿನಲ್ಲಿ ಬರುತ್ತದೆ, ಮರುದಿನ ಆ ಪೇಪರಿನಲ್ಲಿ ಬಿಸ್ಕತ್ತು ಕಟ್ಟಿ ಕೊಟ್ಟರೆ ಮುಗಿಯಿತು. ಇದು ಮುಗಿಯುವ ಹಾಗೇ ಇರಲಿಲ್ಲ. ಬಾಗಿಲು ತೆರೆದರೆ ಸಾಕು, ಷಡ್ಡಕನ ಕೋಳಿ ಬಂದು ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿತ್ತು. ಬನ್ನಣ್ಣ ನಸುಕಿನಲ್ಲೆದ್ದು ಹಿಟ್ಟು ನಾದಿ, ಬೆವರು ಹರಿಸಿ, ಒಲೆಯ ಮುಂದೆ ಬೆಂದು ಸಂಪಾದಿಸುತ್ತಿದ್ದದ್ದು ಏನನ್ನು? ಷಡ್ಡಕನ ಕೋಳಿಯನ್ನು! ಹಳೇ ನಾಣ್ಯ ಇಲ್ವಾ, ನೋಟು ಇಲ್ವಾ ಎಂದು ಅವನು ಗಿರಾಕಿಗಳನ್ನು ಪೀಡಿಸತೊಡಗಿದ. ಸರ್ಕಾರದ ನಾಣ್ಯ ಬೇಡ ಅನ್ನೋ ಅಂಗಡಿಯವನನ್ನು ಇವತ್ತೇ ನೋಡಿದ್ದು ಎಂದು ಅವರು ಬೈಯತೊಡಗಿದರು.

ಆ ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಹೋಗಿ ನೋಡಿದರೆ ಮಾವನವರ ಕಾಲದ ಕೈಯಿರುವ ಕುರ್ಚಿಯಲ್ಲಿ ಮೇಷ್ಟ್ರನ್ನು ಕೂರಿಸಿ, ಬೆನ್ನಿಗೊಂದು ದಿಂಬು ಬೇರೆ ಕೊಟ್ಟಿದ್ದಾರೆ. ಮೇಷ್ಟ್ರು ಆ ದಿಂಬಿಗೆ ಒರಗಲೂ ಹೆದರಿ, ಕುರ್ಚಿಯ ತುದಿಯಲ್ಲಿ ಮುದುರಿ ಕೂತಿದ್ದಾರೆ. ಬನ್ನಣ್ಣನಿಗೆ ಎಂದಿನ ಸ್ಟೂಲು. ಅಷ್ಟು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಸುಖವಾಗಿ ಉಂಡವನಿಗೆ ಅಂದು ಮೊದಲ ಸಲ ಅದರ ಒಂದು ಕಾಲು ಗಿಡ್ಡ ಅನ್ನಿಸಿತು.

"ನಮ್ಮ ಕಿರಿ ಅಳಿಯಂದ್ರ ಕೋಳಿ ಇಲ್ಲದೆ ಈ ಊರಲ್ಲಿ ಯಾರೂ ಒಂದು ಸೋಪು ಕೊಳ್ಳೋ ಹಾಗಿಲ್ಲ!" ಅತ್ತೆ ಬಡಿಸುತ್ತಾ ಹೇಳಿದರು.

"ಅತ್ತೆ, ಕೋಳಿ ನಮ್ಮದು," ಎಂದ ಬನ್ನಣ್ಣ.

"ಏನಂದ್ರಿ?"

"ಕೋಳಿ ನಮ್ಮದು. ಅದು ನಿಂತ ಮೆಟ್ಟಿಲು ನಮ್ಮದು. ಬರೀವಾಗ ಇವರು ತಿಂದ ಬನ್ನು ನಮ್ಮದು. ಹೆಸರು ಮಾತ್ರ ಇವರದ್ದು!"

"ಅಣ್ಣ ಹೇಳೋದು ನಿಜ," ಎಂದರು ಮೇಷ್ಟ್ರು, ಕುರ್ಚಿಯ ತುದಿಯಿಂದ ಇನ್ನಷ್ಟು ತುದಿಗೆ ಸರಿದು.

"ನೀವು ಸುಮ್ನಿರಿ, ನಿಮ್ಮದು ದೊಡ್ಡ ಮನಸ್ಸು," ಎಂದು ಅತ್ತೆ ಅವರ ಬಾಯಿ ಮುಚ್ಚಿಸಿ, ಹಿರಿ ಅಳಿಯನ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಮುಂದಿನ ನಾಣ್ಯಕ್ಕೆ ಬನ್ನನ್ನೇ ಹಾಕಿಸೋಣ ಬಿಡಿ. ಅದೂ ಗುಂಡಗೇ ಇದೆ."

ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬನ್ನಣ್ಣನ ಹೆಂಡತಿ. ಮಿಕ್ಕವರ ನಗು ಕಿವಿಗೆ ಬಿದ್ದು ಹೋಯಿತು, ಅವಳದ್ದು ಹೋಗಿ ಹೊಟ್ಟೆಯಲ್ಲಿ ಕೂತಿತು.

ದಾರಿಯಲ್ಲಿ ಕೇಳಿದ: "ನೀನ್ಯಾಕೆ ಹಾಗೆ ನಕ್ಕೆ?"

"ನಗು ಬಂತು, ನಕ್ಕೆ."

"ಕೋಳಿ ಮಾಡೋದು ಏನು ಮಹಾ? ನಾನೂ ಮಾಡಿ ತೋರಿಸ್ತೀನಿ."

"ಅಯ್ಯೋ ದೇವರೇ," ಎಂದಳು ಅವಳು. "ಮೊಟ್ಟೆ ಮೇಲೆ ಕೂರ್ತೀರಾ?"

ಮರುದಿನವೇ ಬನ್ನಣ್ಣ ಒಂದು ಗುಂಡಗಿನ ಮರದ ತುಂಡು, ಒಂದು ಚೂಪು ಉಳಿ ಹಿಡಿದು ಕೂತ. ಬಿಸ್ಕತ್ತಿಗೆ ಅಚ್ಚು ಕೆತ್ತುವುದು ಅವನಿಗೆ ಗೊತ್ತಿದ್ದ ಕೆಲಸವೇ. ಹೂವು, ನಕ್ಷತ್ರ, ಎಲೆ ಎಲ್ಲ ಕೆತ್ತಿದ್ದಾನೆ. ಮರದಲ್ಲಿ ಎಡಕ್ಕಿದ್ದದ್ದು ಹಿಟ್ಟಿನ ಮೇಲೆ ಬಲಕ್ಕೆ ಮೂಡುತ್ತದೆ, ಆದ್ದರಿಂದ ತಿರುವುಮುರುವು ಕೆತ್ತಬೇಕು ಎಂಬುದು ಬೇಕರಿಯವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಹೂವಿಗೆ ಎಡವೂ ಇಲ್ಲ ಬಲವೂ ಇಲ್ಲ. ಜೊತೆಗೆ, ಒಳಗಿನ ಉರಿಗೆ ಕಣ್ಣಿಗೆಲ್ಲ ಹೊಗೆ ತುಂಬಿತ್ತು. ನಾಣ್ಯವನ್ನು ಮುಂದಿಟ್ಟುಕೊಂಡು, ಅದು ಹೇಗಿದೆಯೋ ಹಾಗೇ ಕೆತ್ತಿಬಿಟ್ಟ. ಕೆತ್ತಿ, ಹಿಟ್ಟಿನ ಮೇಲೆ ಒತ್ತಿ, ಟ್ರೇಗೆ ಜೋಡಿಸಿ ಒಲೆಗೆ ಇಟ್ಟ. ಒಲೆಯ ಶಾಖಕ್ಕೆ ಹಿಟ್ಟು ತನ್ನ ಇಷ್ಟದಂತೆ ಉಬ್ಬಿತು. ಬಾಲ ಮೇಲೆದ್ದು ಮೂತಿಯಾಯಿತು. ಕೊಕ್ಕು ಬಾಗಿ ಹಿಡಿಯಾಯಿತು. ಹತ್ತು ಎಂಬ ಅಂಕಿಯಲ್ಲಿ ಸೊನ್ನೆ ಹೋಗಿ ಒಂದರ ಮುಂದೆ ಕೂತಿತು.

ಹೆಂಡತಿ ಒಂದು ಬಿಸ್ಕತ್ತು ತೆಗೆದುಕೊಂಡು ನೆಟ್ಟಗೆ ಹಿಡಿದಳು, ಅಡ್ಡ ಹಿಡಿದಳು, ತಲೆಕೆಳಗು ಮಾಡಿದಳು.

"ಯಾವ ಕಡೆಯಿಂದ ನೋಡಬೇಕು?"

"ಕಣ್ಣಿರೋರು ಯಾವ ಕಡೆಯಿಂದ ನೋಡಿದ್ರೂ ಕಾಣುತ್ತೆ!"

ಅಷ್ಟರಲ್ಲಿ ಟೈಲರ್ ಬಂದ. ನೋಡಿದ. "ಆಹಾ! ಟೀ ಕೆಟಲ್ಲು ಬಹಳ ಚೆನ್ನಾಗಿ ಬಂದಿದೆ ಬನ್ನಣ್ಣಾ. ಆದ್ರೆ ಕೆಟಲ್ಲಿಗೆ ಕಾಲು ಯಾಕೆ?"

ಬನ್ನಣ್ಣ ಟ್ರೇಯನ್ನು ತನ್ನ ಕಡೆಗೆ ಎಳೆದುಕೊಂಡ. ಬಟ್ಟೆ ಹೊಲಿಯುವವನಿಗೆ ಕಲೆಯ ಮರ್ಮ ಏನು ತಿಳಿದೀತು?

ಆದರೆ ಆ ಬಿಸ್ಕತ್ತು ಮಾರಾಟವಾಯಿತಲ್ಲ, ಅದನ್ನು ಏನೆಂದು ಹೇಳಲಿ! ಶಾಲೆ ಬಿಟ್ಟ ಮಕ್ಕಳು ಅಂಗಡಿಯ ಮುಂದೆ ಗುಂಪುಗಟ್ಟಿದವು. ಅದು ಬೂಟು ಎಂದಿತು ಒಂದು. ಹೋಗೋ, ಆಮೆ ಎಂದಿತು ಇನ್ನೊಂದು. ನಮ್ಮ ಹೆಡ್‌ಮಾಸ್ಟರ್ರು ಕಣೋ, ಮೂಗು ನೋಡು ಎಂದಿತು ಮತ್ತೊಂದು. ನಿರ್ಧಾರವಾಗದೆ ಇನ್ನೊಂದು ಕೊಂಡು ನೋಡಿದವು. ಸಂಜೆ ಮಕ್ಕಳ ಜಗಳ ಬಿಡಿಸಲು ಬಂದ ಅಪ್ಪ ಅಮ್ಮಂದಿರು ತಾವೂ ಒಂದೊಂದು ಹಿಡಿದು ಜಗಳಕ್ಕೆ ನಿಂತರು. ಟ್ರೇ ಮೇಲೆ ಟ್ರೇ ಖಾಲಿಯಾಯಿತು. ಒಳಗೆ ಒಲೆಯ ಮುಂದಿದ್ದ ಬನ್ನಣ್ಣನಿಗೆ ಮಾತು ಕೇಳಿಸದೆ ಗದ್ದಲ ಮಾತ್ರ ಕೇಳಿಸುತ್ತಿತ್ತು. ಕಲೆಗೆ ಜನ ಹೀಗೆ ಮುಗಿಬೀಳುತ್ತಾರೆ ಎಂದು ತಿಳಿದು ಅವನ ಎದೆ ಒಲೆಯೊಳಗಿನ ಬನ್ನಿಗಿಂತ ಮೇಲಕ್ಕೆ ಉಬ್ಬಿತು.

ಆ ಉಬ್ಬಿನಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ನಾಣ್ಯದ ಫೋಟೋ ತೆಗೆಸಿ, ಅದನ್ನು ಒಲೆಯ ಬಾಗಿಲಷ್ಟು ದೊಡ್ಡದು ಮಾಡಿಸಿ, ಅಂಗಡಿಯ ಗಾಜಿಗೆ ಅಂಟಿಸಿದ. ಕೆಳಗೆ ಬರೆಸಿದ: "ನಾಣ್ಯದ ಮೇಲಿರುವ ಅದೇ ಕೋಳಿ! ಕೋಳಿಯ ಅಸಲಿ ಮಾಲೀಕರ ಬೇಕರಿಯಲ್ಲಿ ಮಾತ್ರ!"

ಅದನ್ನು ಓದಿದವರಲ್ಲಿ ಮೊದಲು ಬೆವರಿದವರು ಮೇಷ್ಟ್ರು. ಶಾಲೆಯಿಂದ ನೇರ ಓಡಿ ಬಂದರು.

"ಅಣ್ಣಾ, ಅದನ್ನ ತೆಗೆದುಬಿಡಿ. ಹಾಗೆಲ್ಲ ಹಾಕೋ ಹಾಗಿಲ್ಲ."

"ಯಾಕೆ? ನಿಮ್ಮ ಕೋಳಿ ಸವೆದು ಹೋಗುತ್ತಾ?"

"ಅದು ಈಗ ನನ್ನದಲ್ಲ ಅಣ್ಣಾ. ಚಿತ್ರದ ಕಾಪಿರೈಟ್ ಟಂಕಸಾಲೆಯದ್ದು. ಬರೆದುಕೊಟ್ಟಾಗಿದೆ. ನಾಣ್ಯದ ಚಿತ್ರವನ್ನ ಬೋರ್ಡಿಗೆ, ಸಾಮಾನಿಗೆ ಯಾರು ಹಾಕಬೇಕಾದ್ರೂ ಅವರನ್ನ ಕೇಳಬೇಕು. ನಮ್ಮ ಗೇಟಿನ ಮೇಲೆ ಒಂದು ಸಣ್ಣದು ಬರೀಬೇಕು ಅಂತ ನನಗೇ ಆಸೆ. ನಾನೂ ಬರೆಯೋ ಹಾಗಿಲ್ಲ."

"ಅಂದ್ರೆ, ನಾಣ್ಯ ಖರ್ಚು ಮಾಡಬಹುದು, ಕಳೆದುಕೊಳ್ಳಬಹುದು, ಕೊನೆಗೆ ಮಗು ನುಂಗಿದ್ರೂ ಸರ್ಕಾರ ಕೇಳಲ್ಲ. ಗಾಜಿಗೆ ಅಂಟಿಸಿದ್ರೆ ಮಾತ್ರ ತಪ್ಪು!"

"ಹಾಗೇ ಅಣ್ಣಾ."

ಬನ್ನಣ್ಣ ಷಡ್ಡಕನ ಮುಖವನ್ನು ನೋಡಿದ. ಬೆವರಿದ ಹಣೆ, ಒಣಗಿದ ತುಟಿ, ಟ್ರೇಯಲ್ಲಿದ್ದ ಬಿಸ್ಕತ್ತಿನ ಕಡೆಗೆ ಪದೇ ಪದೇ ಓಡುವ ಕಣ್ಣು. ಅರ್ಥವಾಗಿಹೋಯಿತು.

"ಕೇಳಿದೆಯಾ?" ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. "ನಿನ್ನ ಮೇಷ್ಟ್ರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು!"

ಆ ದಿನದಷ್ಟು ಸಂತೋಷವನ್ನು ಅವನು ತನ್ನ ಮದುವೆಯ ದಿನವೂ ಪಟ್ಟಿರಲಿಲ್ಲ. ಆದರೆ ಸಂತೋಷಪಟ್ಟವನು ಸುಮ್ಮನಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಟಂಕಸಾಲೆಯವರನ್ನು ಕೇಳಬೇಕು ಅಂದರಲ್ಲ ಮೇಷ್ಟ್ರು? ಕೇಳಿಯೇಬಿಡೋಣ ಎಂದುಕೊಂಡ. ಅಂಚಿನಲ್ಲಿ ಬಿಡಿಸಿದವರ ಹೆಸರಿರುವಾಗ ಸಾಕಿದವರ ಹೆಸರು ಯಾಕಿಲ್ಲ? ಜಾಗ ಸಾಲದಿದ್ದರೆ ಮೆಟ್ಟಿಲ ಕೆಳಗೆ ಹಾಕಲಿ. ಮರುದಿನ ಮಹಾರಾಣಿಯನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬಟ್ಟೆ ಕಟ್ಟಿ, ಚೀಲದಲ್ಲಿ ಒಂದು ಪೊಟ್ಟಣ ಬಿಸ್ಕತ್ತು ಇಟ್ಟುಕೊಂಡು ಬಸ್ಸು ಹತ್ತಿದ.

ಟಂಕಸಾಲೆಯ ಗೇಟಿನಲ್ಲಿ ಕಾವಲುಗಾರ ಬುಟ್ಟಿಯ ಬಟ್ಟೆ ಎತ್ತಿದ. ಮಹಾರಾಣಿ ಅವನನ್ನು ಕೆಕ್ಕರಿಸಿ ನೋಡಿತು.

"ಏನ್ರೀ ಇದು?"

"ಸಾಕ್ಷಿ," ಎಂದ ಬನ್ನಣ್ಣ.

ಕಾವಲುಗಾರ ಜೇಬಿನಿಂದ ಒಂದು ನಾಣ್ಯ ತೆಗೆದು, ಕೋಳಿಯನ್ನೂ ನಾಣ್ಯವನ್ನೂ ಸರದಿಯಂತೆ ನೋಡಿ, ತನಗರಿವಿಲ್ಲದೆ ನೆಟ್ಟಗೆ ನಿಂತು ದಾರಿ ಬಿಟ್ಟ.

ಒಳಗೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸಿ ಕಳಿಸಿ, ಕೊನೆಗೆ ಅವನನ್ನು ಒಬ್ಬ ಮೇಡಂ ಅವರ ಮುಂದೆ ನಿಲ್ಲಿಸಿದರು. ನಾಣ್ಯದ ಚಿತ್ರಗಳ ಹಕ್ಕು, ಅನುಮತಿ ಎಲ್ಲ ನೋಡಿಕೊಳ್ಳುವ ಅಧಿಕಾರಿ ಅವರೇ. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಮುಖದಲ್ಲಿ ನಗು ಎಂಬುದಕ್ಕೆ ಅನುಮತಿ ಇನ್ನೂ ಸಿಕ್ಕಿರಲಿಲ್ಲ.

"ಚಿತ್ರ ಬರೆದವರಿಂದ ಹಕ್ಕು ನಮಗೆ ಬಂದಿದೆ," ಎಂದರು ಮೇಡಂ, ಅವನ ಅಹವಾಲೆಲ್ಲ ಕೇಳಿ. "ಕೋಳಿಗಾಗಲಿ ಕೋಳಿ ಸಾಕಿದವರಿಗಾಗಲಿ ಚಿತ್ರದಲ್ಲಿ ಹಕ್ಕಿಲ್ಲ."

"ಅದರ ಒಪ್ಪಿಗೆ ಕೇಳಿದ್ರಾ ಮೇಡಂ?"

"ಯಾರದ್ದು?"

"ಇದರದ್ದು." ಬುಟ್ಟಿ ಮೇಜಿನ ಮೇಲೆ ಬಂತು. ಅಷ್ಟು ದಿನ ಹಿತ್ತಿಲಲ್ಲಿ ಬೇಡಿಕೊಂಡರೂ ಮೊಟ್ಟೆ ಇಡದ ಮಹಾರಾಣಿ, ಸರ್ಕಾರಿ ಮೇಜಿನ ಮೇಲೆ ಆ ಗಳಿಗೆಯಲ್ಲಿ ಒಂದು ಮೊಟ್ಟೆ ಇಟ್ಟು ಕೊಕ್ಕೊಕ್ಕೋ ಎಂದು ಘೋಷಿಸಿತು. ಕಚೇರಿಯ ಸಿಬ್ಬಂದಿಯೆಲ್ಲ ಎದ್ದು ಬಂದು ನಿಂತರು. ಮೇಡಂ ಮೊಟ್ಟೆಯನ್ನು ಕಡತದಿಂದ ಆಚೆ ಸರಿಸಿದರು.

"ಇನ್ನೇನಾದ್ರೂ ಇದೆಯಾ?"

ಇನ್ನೇನೂ ಇಲ್ಲ ಎಂದಿದ್ದರೆ ಬನ್ನಣ್ಣ ಬಚಾವಾಗುತ್ತಿದ್ದ. ಆದರೆ ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದುಂಟೇ?

"ಇದೆ ಮೇಡಂ. ನಿಮ್ಮ ನಾಣ್ಯವನ್ನ ನಾನೂ ಮಾಡ್ತೀನಿ," ಎಂದು ಪೊಟ್ಟಣ ಬಿಚ್ಚಿದ.

ಮೇಡಂ ಒಂದು ಬಿಸ್ಕತ್ತನ್ನು ಚಿಮಟದಲ್ಲಿ ಎತ್ತಿ ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ನಮ್ಮ ಹತ್ತರ ನಾಣ್ಯವಾ?"

"ಅದೇ ಅದೇ! ಅಂಗಡಿ ಗಾಜಿಗೂ ಹಾಕಿದ್ದೀನಿ, ದೊಡ್ಡದಾಗಿ!"

"ಅನುಮತಿ ಯಾರು ಕೊಟ್ರು?"

"ಕೋಳಿನೇ ನಮ್ಮದಲ್ವಾ ಮೇಡಂ?"

ಮೇಡಂ ಬಿಸ್ಕತ್ತನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. "ನಾಳೆ ಸ್ಥಳ ಪರಿಶೀಲನೆಗೆ ನಾನೇ ಬರ್ತೀನಿ. ಇದು ನಾಣ್ಯದ ಚಿತ್ರದ ನಕಲು ಅಂತ ತೀರ್ಮಾನವಾದ್ರೆ ಅಚ್ಚು ಜಪ್ತಿ, ಅಂಗಡಿಗೆ ಬೀಗ. ನಕಲು ಅಲ್ಲ ಅಂತಾದ್ರೆ ನೀವು ನಿರಪರಾಧಿ. ಕೋಳಿ ತಗೊಂಡು ಹೋಗಿ."

ಸುದ್ದಿ ಕೇಳಿ ಹೆಂಡತಿ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಹಲಗೆಗೆ ಬಡಿದಳು.

"ತಾನೇ ಹೋಗಿ, ತಾನೇ ಹೇಳಿ, ತಾನೇ ಸಾಕ್ಷಿನೂ ಕೊಟ್ಟು ಬಂದ ಕಳ್ಳನ್ನ ಯಾವ ಊರಲ್ಲೂ ಕಂಡಿಲ್ಲ ಕಣ್ರೀ! ಬೀಗ ಬಿದ್ರೆ ಏನು ತಿನ್ನೋದು, ನಿಮ್ಮ ಕಲೆಯನ್ನಾ? ನಾಳೆ ನೀವು ತುಟಿ ಬಿಚ್ಚಬೇಡಿ. ನಾನು ನೋಡ್ಕೋತೀನಿ."

ಅವಳು ನೋಡಿಕೊಂಡಳು. ಗಾಜಿನ ಮೇಲಿನ ಫೋಟೋ ಅಂದೇ ಕಿತ್ತು ಒಲೆ ಸೇರಿತು. ಮರುದಿನ ಮೇಡಂ ಬರುವ ಹೊತ್ತಿಗೆ ಅಂಗಡಿಯಲ್ಲಿ ಟೈಲರ್, ಅತ್ತೆ, ಮೇಷ್ಟ್ರು ಎಲ್ಲರನ್ನೂ ಸಾಲಾಗಿ ಬೆಂಚಿನ ಮೇಲೆ ಕೂರಿಸಿದ್ದಳು. ಬನ್ನಣ್ಣನನ್ನು ಒಲೆಯ ಪಕ್ಕದ ಮೂಲೆಯಲ್ಲಿ ನಿಲ್ಲಿಸಿ, ತಾನು ಅವನ ಮುಂದೆ ನಿಂತಳು.

ಮೇಡಂ ಕಪಾಟಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿ, ಎಡಕ್ಕೆ ನಾಣ್ಯ ಬಲಕ್ಕೆ ಬಿಸ್ಕತ್ತು ಇಟ್ಟರು. "ಇದನ್ನ ನೋಡಿದ್ರೆ ನಿಮಗೆ ಏನು ಕಾಣುತ್ತೆ?"

"ಟೀ ಕೆಟಲ್ಲು, ದೇವರಾಣೆ," ಎಂದ ಟೈಲರ್. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಬನ್ನಣ್ಣನಿಗೆ ಉರಿದದ್ದು.

"ನನಗಂತೂ ಬೂಟು ಕಾಣುತ್ತಪ್ಪ," ಎಂದರು ಅತ್ತೆ. "ಅದೂ ಹಳೇ ಬೂಟು. ನೆನೆದಿರೋದು."

ಮೂಲೆಯಿಂದ ಬುಸ್ಸೆನ್ನುವ ಸದ್ದು ಬಂತು. ಹೆಂಡತಿ ಹಿಂದಕ್ಕೆ ತಿರುಗದೆಯೇ ಅವನ ಕಾಲನ್ನು ತುಳಿದಳು.

"ನೀವು ಮೂಲ ಚಿತ್ರಕಾರರು," ಮೇಡಂ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ಮಾತೇ ಮುಖ್ಯ. ಇದು ನಿಮ್ಮ ಕೋಳಿಯ ನಕಲಾ?"

ಮೇಷ್ಟ್ರು ಬಿಸ್ಕತ್ತನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಇಡೀ ಬೇಕರಿ ಉಸಿರು ಹಿಡಿದಿತ್ತು.

"ಅಲ್ಲ ಮೇಡಂ," ಎಂದರು ಸಣ್ಣ ದನಿಯಲ್ಲಿ. "ಇದು ನನ್ನ ಕೋಳಿ ಅಲ್ಲ. ನಿಜ ಹೇಳಬೇಕಂದ್ರೆ, ಕೋಳಿಯೇ ಅಲ್ಲ."

"ಏನಂದ್ರೀ!"

ಹೆಂಡತಿ ಮತ್ತೆ ಕಾಲು ತುಳಿಯುವ ಮೊದಲೇ ಬನ್ನಣ್ಣ ಅವಳನ್ನು ದಾಟಿ ಬಂದುಬಿಟ್ಟಿದ್ದ.

"ಕೋಳಿಯೇ ಅಲ್ವಾ? ಮೇಡಂ, ಇದು ಅದೇ ಕೋಳಿ! ಅದೇ ಕತ್ತು, ಅದೇ ಕಾಲು, ಅದೇ ಮೆಟ್ಟಿಲು! ನಾಣ್ಯ ಮುಂದಿಟ್ಟುಕೊಂಡೇ ಕೆತ್ತಿದ್ದು! ನಕಲು! ಪಕ್ಕಾ ನಕಲು! ಇವರಿಗೆ ಹೊಟ್ಟೆಕಿಚ್ಚು, ಅದಕ್ಕೆ ಹೀಗೆ ಹೇಳ್ತಿದ್ದಾರೆ!"

"ನಾಣ್ಯದ ಕೋಳಿ ಎಡಕ್ಕೆ ನೋಡುತ್ತೆ," ಎಂದರು ಮೇಡಂ. "ಇದು ಬಲಕ್ಕೆ."

"ತಿರುಗಿ ನೋಡ್ತಿದೆ ಅಷ್ಟೇ ಮೇಡಂ! ಕೋಳಿ ಅಂದ್ಮೇಲೆ ಒಂದೇ ಕಡೆ ನೋಡ್ತಾ ಇರುತ್ತಾ?"

"ಅಂಕಿ ಸೊನ್ನೆ ಒಂದು ಅಂತಿದೆ."

"ಅದೂ ತಿರುಗಿದೆ!"

"ಅಂದ್ರೆ ನಕಲು ಮಾಡಿದ್ದೀನಿ ಅಂತ ಒಪ್ಕೋತೀರಾ?"

"ಒಪ್ಕೋತೀನಿ! ನನ್ನಷ್ಟು ಚೆನ್ನಾಗಿ ಈ ಬೀದಿಯಲ್ಲಿ ಇನ್ಯಾರಾದ್ರೂ ನಕಲು ಮಾಡಿ ತೋರಿಸಲಿ!"

ಹೆಂಡತಿ ಹಣೆ ಹಿಡಿದುಕೊಂಡು ಹಿಟ್ಟಿನ ಮೂಟೆಯ ಮೇಲೆ ಕುಸಿದಳು. ಅತ್ತೆ ಮೇಲಕ್ಕೆ ನೋಡಿ ಕೈ ಮುಗಿದರು. ಮೇಡಂಗೂ ಇದು ಹೊಸ ಅನುಭವ. ಅವರ ಕೆಲಸದ ಕಾಲದಲ್ಲಿ ನಾನಲ್ಲ ನಾನಲ್ಲ ಎಂದು ಕಾಲಿಗೆ ಬಿದ್ದವರನ್ನು ಕಂಡಿದ್ದರೇ ಹೊರತು, ನಾನೇ ನಾನೇ ಎಂದು ಮೈಮೇಲೆ ಬರುವವರನ್ನು ಕಂಡಿರಲಿಲ್ಲ.

"ಕೋಳಿಯನ್ನೇ ಕೇಳೋಣ ಮೇಡಂ!" ಬನ್ನಣ್ಣ ಹಿತ್ತಿಲಿಗೆ ಓಡಿ ಮಹಾರಾಣಿಯನ್ನು ಕಂಕುಳಲ್ಲಿ ಹೊತ್ತು ತಂದು ಕಪಾಟಿನ ಮೇಲೆ ಇಳಿಸಿದ. "ನೋಡಮ್ಮಾ, ಚೆನ್ನಾಗಿ ನೋಡು. ಇದು ಯಾರು?"

ಮಹಾರಾಣಿ ನಾಣ್ಯದ ಹತ್ತಿರ ಹೋಯಿತು. ಒಂದು ಕಣ್ಣಲ್ಲಿ ನೋಡಿ, ಇನ್ನೊಂದು ಕಣ್ಣಲ್ಲಿ ನೋಡಿ, ಕತ್ತು ಕೊಂಕಿಸಿ ಒಂದು ಕಾಲೆತ್ತಿ ಹಾಗೇ ನಿಂತಿತು. ಆಮೇಲೆ ಬಿಸ್ಕತ್ತಿನ ಕಡೆ ತಿರುಗಿತು. ಟಕ್ಕನೆ ಕುಕ್ಕಿತು. ಮತ್ತೆ ಕುಕ್ಕಿತು. ಟೈಲರ್ ಬೆಂಚಿನಿಂದೆದ್ದು ಬಗ್ಗಿ ನೋಡುವಷ್ಟರಲ್ಲಿ ಕತ್ತು, ಕಾಲು, ಮೆಟ್ಟಿಲು ಎಲ್ಲ ಮಹಾರಾಣಿಯ ಹೊಟ್ಟೆ ಸೇರಿ, ಬಿಳಿ ಬಟ್ಟೆಯ ಮೇಲೆ ಒಂದಿಷ್ಟು ಪುಡಿ ಉಳಿಯಿತು.

"ಸಾಕು," ಎಂದರು ಮೇಡಂ. ಕಾಗದ ತೆಗೆದು ಬರೆಯುತ್ತಾ ಓದಿದರು: "ಸದರಿ ಬಿಸ್ಕತ್ತಿಗೂ ಹತ್ತರ ನಾಣ್ಯಕ್ಕೂ, ಸದರಿ ನಾಣ್ಯದ ಕೋಳಿಗೂ, ಬೇರಾವುದೇ ಪಕ್ಷಿಗೂ ಯಾವ ಹೋಲಿಕೆಯೂ ಕಂಡುಬಂದಿರುವುದಿಲ್ಲ. ಆದ್ದರಿಂದ ಕ್ರಮ ಕೈಬಿಡಲಾಗಿದೆ. ಇನ್ನು ಮುಂದೆ ಕೋಳಿ, ನಾಣ್ಯ ಅನ್ನೋ ಮಾತು ಬೋರ್ಡಿನಲ್ಲಿ ಬರಬಾರದು. ಒಪ್ಪಿಗೆ ಅಂತ ಇಲ್ಲಿ ರುಜು ಹಾಕಿ."

ಅಂಗಡಿಯಲ್ಲಿ ಎಲ್ಲರೂ ಹಿಡಿದ ಉಸಿರು ಬಿಟ್ಟರು. ಬನ್ನಣ್ಣ ಮಾತ್ರ ಪೆನ್ನು ಮುಟ್ಟಲಿಲ್ಲ.

"ಹಾಕಲ್ಲ."

"ಹಾಕದಿದ್ರೆ ನೀವು ಹೇಳಿದ ಹಾಗೇ ನಕಲು ಅಂತ ಬರ್ಕೋಬೇಕಾಗುತ್ತೆ. ಬೀಗ ಹಾಕಬೇಕಾಗುತ್ತೆ."

"ಹಾಕಿ ಬೀಗ! ಬೇರಾವುದೇ ಪಕ್ಷಿ ಅನ್ನೋದನ್ನಾದ್ರೂ ಹೊಡೆದುಹಾಕಿ ಮೇಡಂ. ಒಂದು ಕಾಗೆ ಅಂತಾದ್ರೂ ಬರೀಬಹುದಿತ್ತು!"

"ರೀ," ಎಂದಳು ಹೆಂಡತಿ. ಈ ಸಲ ಗದರಲಿಲ್ಲ. ಮೂಟೆಯಿಂದೆದ್ದು ಬಂದು ಅವನ ಮುಂದೆ ನಿಂತಳು. "ಒಲೆ ಆರಿಸಬೇಡಿ. ನಿಮಗೆ ಕೈ ಮುಗೀತೀನಿ, ರುಜು ಹಾಕಿ."

ಬನ್ನಣ್ಣ ಅವಳ ಮುಖ ನೋಡಿದ, ಪೆನ್ನು ನೋಡಿದ, ಷಡ್ಡಕನನ್ನು ನೋಡಿದ. ಕೈ ಮೇಲೇಳಲೇ ಇಲ್ಲ. ಆಗ ಮೇಷ್ಟ್ರು ಬೆಂಚಿನಿಂದೆದ್ದು ಬಂದು ಅವನ ತೋಳು ಹಿಡಿದು ಒಲೆಯ ಹತ್ತಿರ ಕರೆದುಕೊಂಡು ಹೋದರು.

"ಅಣ್ಣಾ, ನೀವು ಹೇಳಿದ್ದು ಸರಿ. ನನಗೆ ಹೊಟ್ಟೆಕಿಚ್ಚೇ."

ಬನ್ನಣ್ಣನ ಕಿವಿ ನೆಟ್ಟಗಾಯಿತು.

"ನನ್ನ ಕೋಳಿ ಎಲ್ಲರ ಜೇಬಲ್ಲೂ ಇದೆ. ಅದನ್ನ ಯಾರು ನೋಡ್ತಾರೆ? ಅಂಕಿ ನೋಡ್ತಾರೆ, ಜೇಬಿಗೆ ಹಾಕ್ತಾರೆ. ಮೊನ್ನೆ ಬಸ್ಸಲ್ಲಿ ಕಂಡಕ್ಟರಿಗೆ ಕೊಟ್ಟು, ಇದರ ಮೇಲೆ ಏನಿದೆ ಹೇಳಿ ಅಂದೆ. ಪಾರಿವಾಳ ಅಂದ. ನಿಮ್ಮ ಬಿಸ್ಕತ್ತು ನೋಡಿ. ಶಾಲೆ ಬಿಟ್ಟ ಮೇಲೆ ಟೈಲರ್ ಅಂಗಡಿ ಮರೆಯಲ್ಲಿ ನಿಂತು ದಿನಾ ನೋಡ್ತೀನಿ ಅಣ್ಣಾ. ಒಂದೊಂದು ಮಗು ಎಷ್ಟು ಹೊತ್ತು ಹಿಡಕೊಂಡು ನೋಡುತ್ತೆ! ತಿರುಗಿಸಿ ನೋಡುತ್ತೆ, ಗೆಳೆಯರಿಗೆ ತೋರಿಸುತ್ತೆ. ನನ್ನ ಒಂದು ಚಿತ್ರವನ್ನೂ ಯಾರೂ ಅಷ್ಟು ಹೊತ್ತು ನೋಡಿಲ್ಲ. ರಾತ್ರಿ ಊಟ ಸೇರಲ್ಲ ನನಗೆ."

ಮೇಷ್ಟ್ರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಬನ್ನಣ್ಣನ ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು.

"ಇನ್ನೊಂದು ಸಲ ಹೇಳಿ," ಎಂದ.

"ಹೊಟ್ಟೆಕಿಚ್ಚು ಅಣ್ಣಾ."

"ಅಷ್ಟು ಸಣ್ಣಗೆ ಹೇಳಿದ್ರೆ ಅತ್ತೆಗೆ ಕೇಳಿಸಲ್ಲ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ಎತ್ತದಷ್ಟು ದನಿ ಎತ್ತಿ, ಬೀದಿಗೇ ಕೇಳುವಂತೆ ಹೇಳಿದರು: "ನನಗೆ ನಮ್ಮ ಅಣ್ಣನ ಮೇಲೆ ಹೊಟ್ಟೆಕಿಚ್ಚು!"

ಅತ್ತೆಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬನ್ನಣ್ಣ ಕೈಯ ಹಿಟ್ಟು ಒರೆಸಿಕೊಂಡು, ಕಪಾಟಿನ ಬಳಿಗೆ ನಡೆದು, ಮೊದಲು ಎದೆಯುಬ್ಬಿಸಿ ಆಮೇಲೆ ರುಜು ಹಾಕಿದ.

ಮೇಡಂ ಹೋದ ಮೇಲೆ ಬಿಸ್ಕತ್ತಿಗೆ ಹೊಸ ಬೋರ್ಡು ಬಂತು. ಕೋಳಿ ಇಲ್ಲ, ನಾಣ್ಯ ಇಲ್ಲ. "ಏನಿದು?" ಅಂತ ಅಷ್ಟೇ. ಮಾರಾಟ ಇನ್ನೂ ಹೆಚ್ಚಿತು. ಬಂದ ಗಿರಾಕಿಗಳಿಗೆಲ್ಲ ಬನ್ನಣ್ಣ ಮೆಲ್ಲನೆ ಹೇಳುತ್ತಿದ್ದ: "ನಮ್ಮ ಷಡ್ಡಕರಿಗೆ ನನ್ನನ್ನ ಕಂಡ್ರೆ ಹೊಟ್ಟೆಕಿಚ್ಚು. ಪಾಪ, ದೊಡ್ಡ ಕಲಾವಿದರು."

ಗೆದ್ದವನಿಗೆ ಕರುಣೆ ಹುಟ್ಟುವುದು ಸಹಜ. ಶಾಲೆಗೆ ರಜೆ ಬಂದಾಗ ಬನ್ನಣ್ಣ ತಾನೇ ಮೇಷ್ಟ್ರನ್ನು ಕರೆದು, ಒಲೆಯ ಪಕ್ಕ ಕೂರಿಸಿ, ಒಂದು ಮರದ ತುಂಡು, ಒಂದು ಉಳಿ ಕೈಗಿತ್ತ. "ನೀವೂ ಒಂದು ಕೆತ್ತಿ. ಕೋಳಿ ಬೇಡ, ಸರ್ಕಾರ ಬರುತ್ತೆ. ಬೇರೆ ಏನಾದ್ರೂ."

ಮೇಷ್ಟ್ರು ಬಾತುಕೋಳಿ ಕೆತ್ತಿದರು. ತಿರುವುಮುರುವಾಗಿ, ಹಿಟ್ಟು ಉಬ್ಬುವುದನ್ನೂ ಲೆಕ್ಕ ಹಾಕಿ ಕೆತ್ತಿದರು. ಒಲೆಯಿಂದ ಹೊರಬಂದ ಟ್ರೇ ನೋಡಿ ಬನ್ನಣ್ಣ ಕಣ್ಣುಜ್ಜಿಕೊಂಡ. ಗರಿ ಗರಿಯೂ ಎಣಿಸುವ ಹಾಗೆ! ಈಗಲೇ ನೀರಿಗೆ ಬಿಟ್ಟರೆ ಈಜುವ ಹಾಗೆ! ಹಳೆಯ ಉರಿಯೆಲ್ಲ ಒಂದೇ ಸಲಕ್ಕೆ ಹೊಟ್ಟೆಯಿಂದ ಗಂಟಲಿಗೆ ಏರಿತು. ಆದರೂ ಕೆತ್ತಿ ಎಂದು ಕರೆದವನು ತಾನೇ ಅಲ್ಲವೇ. ಟ್ರೇಯನ್ನು ಒಯ್ದು "ಏನಿದು" ಟ್ರೇಯ ಪಕ್ಕದಲ್ಲೇ ಇಟ್ಟ. ಮೇಷ್ಟ್ರು ಬ್ರೆಡ್ಡಿನ ಕಪಾಟಿನ ಹಿಂದೆ ಅಡಗಿ ನಿಂತರು.

ಸಂಜೆ ಮಕ್ಕಳು ಬಂದವು. ಮೊದಲ ಹುಡುಗಿ ಹೊಸ ಬಿಸ್ಕತ್ತು ಕೈಗೆತ್ತಿಕೊಂಡಳು.

"ಬಾತುಕೋಳಿ," ಎಂದಳು. ಇಟ್ಟಳು. ಪಕ್ಕದ ಟ್ರೇಗೆ ಕೈ ಹಾಕಿದಳು.

ಹಿಂದಿನ ಹುಡುಗನೂ ನೋಡಿದ. "ಹ್ಞೂಂ, ಬಾತುಕೋಳಿ," ಎಂದ. ಅದರಲ್ಲಿ ಜಗಳಕ್ಕೆ ಏನೂ ಇರಲಿಲ್ಲ. ಎಲ್ಲ ಮಕ್ಕಳೂ "ಏನಿದು" ಕೊಂಡು ಬೂಟು, ಆಮೆ, ಹೆಡ್‌ಮಾಸ್ಟರ್ರು ಎಂದು ಕಿರುಚಾಡುತ್ತಾ ಬೀದಿಗಿಳಿದವು. ಬಾತುಕೋಳಿಗಳು ಟ್ರೇ ತುಂಬ ಕತ್ತೆತ್ತಿ ಸಾಲಾಗಿ ನಿಂತಿದ್ದವು, ಒಂದೂ ಕದಲಲಿಲ್ಲ.

ಮೇಷ್ಟ್ರು ಕಪಾಟಿನ ಹಿಂದಿನಿಂದ ತಲೆ ತಗ್ಗಿಸಿ ಹೊರಬಂದರು. ಬನ್ನಣ್ಣ ಅವರ ಬೆನ್ನು ತಟ್ಟಿ, ಸ್ಟೂಲು ಎಳೆದು ಕೂರಿಸಿ, ಕೈಗೊಂದು ಬಿಸಿ ಬನ್ನು ಕೊಟ್ಟ.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ," ಎಂದ. "ಇನ್ನೂ ಸ್ವಲ್ಪ ಕೆಟ್ಟದಾಗಿ ಕೆತ್ತಬೇಕು. ಅದು ಎಲ್ಲರಿಗೂ ಬರಲ್ಲ. ದಿನಾ ಬನ್ನಿ, ನಾನು ಹೇಳಿಕೊಡ್ತೀನಿ."